ಹಲಗೆ ಇಲ್ಲದ ಕಿಂಡಿ ಅಣೆಕಟ್ಟು: ಪೆರ್ಲದ ಕಡೆಯ ಒಂದು ತೋಡಿನ ಪ್ರಕರಣ

ಅಣೆಕಟ್ಟು ಇತ್ತು, ಹಲಗೆ ಇರಲಿಲ್ಲ. ಒಂದೇ ಸಾಲಿನಲ್ಲಿ ಹೇಳುವುದಾದರೆ ಪ್ರಕರಣ ಇಷ್ಟೇ.

ಜಾಗ ಕಾಸರಗೋಡಿನ ಪೆರ್ಲದ ಕಡೆ, ಶಿರಿಯ ಹೊಳೆಗೆ ಹೋಗಿ ಸೇರುವ ಒಂದು ತೋಡು. ಎರಡೂ ದಡದಲ್ಲಿ ಅಡಕೆ ತೋಟ. ತೋಡಿಗೆ ಅಡ್ಡವಾಗಿ ಸರಕಾರ ಯಾವ ಕಾಲದಲ್ಲೋ ಕಟ್ಟಿಸಿಕೊಟ್ಟ ಕಿಂಡಿ ಅಣೆಕಟ್ಟು. ನಾಲ್ಕು ಕಿಂಡಿ, ಒಂದೊಂದೂ ಒಂದೂವರೆ ಮೀಟರ್ ಅಗಲ. ಕಾಂಕ್ರೀಟ್ ಕಂಬಗಳಲ್ಲಿ ಹಲಗೆ ಕೂರಿಸಲು ಎರಡೆರಡು ಸಾಲು ಕಚ್ಚು. ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬಿದರೆ ನೀರು ನಿಲ್ಲುತ್ತದೆ. ಮಳೆಗಾಲಕ್ಕೆ ಮೊದಲು ತೆಗೆದಿಟ್ಟರೆ ನೆರೆ ಸಲೀಸಾಗಿ ಇಳಿದು ಹೋಗುತ್ತದೆ.

ಇಲ್ಲಿ ಹಲಗೆ ಹೋದದ್ದು ಹೇಗೆ ಅನ್ನುವುದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆಯೇ ನಿಂತಿವೆ. ಒಂದು ವರ್ಷ ಹಲಗೆ ತೆಗೆಯುವುದು ತಡವಾಯಿತು. ನಾಳೆ ತೆಗೆದರಾಯಿತು ಅನ್ನುತ್ತಿರುವಾಗ ಮಳೆ ಹಿಡಿಯಿತು. ನೀರು ಕುಡಿದು ಉಬ್ಬಿದ ಹಲಗೆ ಕಚ್ಚಿನಲ್ಲಿ ಸಿಕ್ಕಿಕೊಂಡಿತು. ಮೇಲಿಂದ ಬಂದ ಮರದ ಗೆಲ್ಲು, ಸೋಗೆ, ಕಸ ಎಲ್ಲ ಅದಕ್ಕೆ ಅಡ್ಡ ಬಿತ್ತು. ನೀರು ಕಿಂಡಿ ಬಿಟ್ಟು ದಡ ಕೊರೆಯಿತು. ಕೊನೆಗೆ ಕೊಡಲಿ ಹಾಕಿ ಹಲಗೆ ಕಡಿದರು. ಉಳಿದದ್ದನ್ನು ಶೆಡ್ಡಿನಲ್ಲಿ ಗೆದ್ದಲು ತಿಂದಿತು, ಸ್ವಲ್ಪ ಯಾರದೋ ಬಚ್ಚಲ ಒಲೆಗೂ ಹೋಗಿರಬಹುದು. ಹೊಸ ಹಲಗೆಗೆ ಸಂಬಂಧಪಟ್ಟ ಕಚೇರಿಗೆ ಅರ್ಜಿ ಹೋಯಿತು. ಮುಂದಿನ ವರ್ಷದ ಯೋಜನೆಯಲ್ಲಿ ಸೇರಿಸುತ್ತೇವೆ ಎಂದರು.

ಅಡಕೆ ಮುಂದಿನ ವರ್ಷದವರೆಗೆ ಕಾಯುವುದಿಲ್ಲವಲ್ಲ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆದರೆ ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡ, ಕಡಿದಾದ ಇಳಿಜಾರು, ಪಕ್ಕದಲ್ಲೇ ಸಮುದ್ರ. ಡಿಸೆಂಬರ್ ಬಂತೆಂದರೆ ತೋಡು ಸೊರಗುತ್ತದೆ, ಫೆಬ್ರವರಿಗೆ ಪಂಪು ಗಾಳಿ ಎಳೆಯುತ್ತದೆ. ಅದಕ್ಕೇ ಈ ಕಡೆ ಹಿಂದಿನಿಂದಲೂ ಕಲ್ಲು ಮಣ್ಣಿನ ಕಟ್ಟ ಹಾಕುವುದು. ಏತಡ್ಕದಂಥ ಊರಿನಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವ ಪದ್ಧತಿ ಉಂಟು.

ನಾನು ಈ ಕೆಲಸಕ್ಕೆ ಸೇರಿಕೊಂಡದ್ದು ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಹಲಗೆ, ಆಧಾರ ಕೊಟ್ಟು ಹಿಡಿಯುವ ಕೆಲಸ, ಗೊತ್ತಿರುವವನು ಎಂಬ ಕಾರಣಕ್ಕೆ. ಹಸಿ ಕಾಂಕ್ರೀಟನ್ನು ಹಿಡಿದು ನಿಲ್ಲಿಸುವುದಕ್ಕೂ ನೀರನ್ನು ಹಿಡಿದು ನಿಲ್ಲಿಸುವುದಕ್ಕೂ ಲೆಕ್ಕ ಹೆಚ್ಚು ಕಡಿಮೆ ಒಂದೇ.

ಕೈಯಲ್ಲಿ ಏನಿತ್ತು

ಆರು ಮನೆಯವರು ಸೇರಿ ಕೂತಾಗ ಮೊದಲು ಬಂದ ಮಾತು ಮರಳಿನ ಚೀಲ. ಗೊಬ್ಬರದ ಖಾಲಿ ಚೀಲ ಎಲ್ಲರ ಮನೆಯಲ್ಲೂ ಇದೆ, ತುಂಬಿಸಿ ಪೇರಿಸಿದರೆ ಆಯಿತು ಅಂತ. ಲೆಕ್ಕ ಹಾಕಿದೆವು. ಚೀಲದ ಗೋಡೆ ತನ್ನ ಭಾರದಿಂದಲೇ ನಿಲ್ಲಬೇಕು. ಒಂದೂವರೆ ಮೀಟರ್ ಎತ್ತರಕ್ಕೆ ತಳದಲ್ಲಿ ಮೂರು ಮೀಟರ್, ಮೇಲೆ ಒಂದು ಮೀಟರ್ ದಪ್ಪ ಬೇಕು. ನಾಲ್ಕು ಕಿಂಡಿ ಸೇರಿ ಆರು ಮೀಟರ್ ಉದ್ದ. ಅಂದರೆ 18 ಘನ ಮೀಟರ್. ಚೀಲವನ್ನು ಬಾಯಿವರೆಗೆ ತುಂಬುವ ಹಾಗಿಲ್ಲ, ಮುಕ್ಕಾಲಿಗಿಂತ ಕಡಿಮೆ ತುಂಬಿ ಬಾಯಿ ಮಡಚಿ ಹಾಕಿದರೆ ಮಾತ್ರ ಒಂದಕ್ಕೊಂದು ಕಚ್ಚಿ ಕೂರುತ್ತದೆ. ಹಾಗೆ ತುಂಬಿದರೆ 600 ಚೀಲ! ಅಷ್ಟನ್ನು ಹೊರುವವರು ಯಾರು, ಮೇ ತಿಂಗಳಲ್ಲಿ ಬಿಚ್ಚುವವರು ಯಾರು? ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಚೀಲ ಕೆಲವೇ ತಿಂಗಳಲ್ಲಿ ಮುಟ್ಟಿದರೆ ಹರಿಯುವಂತಾಗುತ್ತದೆ. ಆಮೇಲೆ ಮರಳು, ಪ್ಲಾಸ್ಟಿಕ್ ಚೂರು ಎಲ್ಲ ತೋಡಿನ ಪಾಲು.

ಹಳೆ ಕ್ರಮದ ಕಲ್ಲು ಮಣ್ಣಿನ ಕಟ್ಟಕ್ಕೆ ಜನ ಇಲ್ಲ. ಫೈಬರ್ ಹಲಗೆ ಈಗ ಬರುತ್ತದೆ, ಗೆದ್ದಲು ಮುಟ್ಟುವುದಿಲ್ಲ, ಹಗುರ. ಆದರೆ ಅಳತೆ ಕೊಟ್ಟು ಮಾಡಿಸಬೇಕು, ದುಡ್ಡೂ ಜಾಸ್ತಿ.

ಉಳಿದದ್ದು ಅಡಕೆ ಮರ. ಗಾಳಿಗೆ ಬಿದ್ದದ್ದು, ತಲೆ ಒಣಗಿ ಕಡಿದು ಹಾಕಿದ್ದು ಎಲ್ಲರ ತೋಟದಲ್ಲೂ ಇತ್ತು. ದುಡ್ಡು ಕೊಟ್ಟು ತಂದದ್ದು ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಹಾಳೆ, ನೈಲಾನ್ ಹಗ್ಗ ಮತ್ತು ಒಂದು ವಾಲ್ವ್ ಮಾತ್ರ.

ಅಡಕೆ ಮರವನ್ನು ಸುಮ್ನೆ ಸೀಳಿ ಹಾಕಿದರೆ ಆಗುವುದಿಲ್ಲ. ಗಟ್ಟಿ ಇರುವುದು ಹೊರಗಿನ ಸುತ್ತು ಮಾತ್ರ, ಒಳಗೆ ಬರೀ ತಿರುಳು. ಅದೂ ಹಳೆ ಮರದ ಬುಡದ ಅರ್ಧದಲ್ಲಿ ಹೊರಸುತ್ತು ದಪ್ಪ, ತುದಿಗೆ ಹೋದಂತೆ ತೆಳು. ಹಾಗಾಗಿ ಬುಡದ ಅರ್ಧವನ್ನಷ್ಟೇ ತೆಗೆದುಕೊಂಡು, ಎರಡು ಸೀಳು ಮಾಡಿ, ತಿರುಳು ಕೆತ್ತಿ ಸಲಾಕೆ ಮಾಡಿದೆವು. ತುದಿಗಳನ್ನು ಕಚ್ಚಿಗೆ ಕೂರುವಂತೆ ಸಡಿಲವಾಗಿ ಕೆತ್ತಿದ್ದು. ಬಿಗಿಯಾಗಿ ಕೂರಿಸಿದರೆ ಮತ್ತೆ ಉಬ್ಬಿ ಸಿಕ್ಕಿಕೊಳ್ಳುವ ಕಥೆ. ಸೋರುತ್ತದಲ್ಲ ಅಂತ ಒಬ್ಬರು ಕೇಳಿದರು. ಸೋರಲಿ, ನೀರು ತಡೆಯುವುದು ಹಾಳೆಯ ಕೆಲಸ. ಸಲಾಕೆಯ ಕೆಲಸ ಒತ್ತಡ ತಡೆಯುವುದು. ಈ ಎರಡನ್ನು ಬೇರೆ ಬೇರೆ ಮಾಡಿದ್ದರಿಂದಲೇ ಕೆತ್ತನೆ ಕೆಲಸ ಅರ್ಧಕ್ಕರ್ಧ ಕಡಿಮೆಯಾಯಿತು.

ನಾಲ್ಕು ಜನ ನಿಂತ ಸಲಾಕೆ

ಈಗ ಮುಖ್ಯ ಪ್ರಶ್ನೆ. ಸಲಾಕೆ ತಡೆಯುತ್ತದೆಯೇ?

ನೀರಿನ ಒತ್ತಡದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಹಿಂದೆ ಎಷ್ಟು ದೂರದವರೆಗೆ ನೀರು ನಿಂತಿದೆಯೋ ಅಷ್ಟು ಒತ್ತಡ ಅಂತ. ಹಾಗಲ್ಲ. ಹಿಂದೆ ಹತ್ತು ಮೀಟರ್ ನೀರಿದ್ದರೂ ಒಂದು ಕಿಲೋಮೀಟರ್ ಇದ್ದರೂ ನಿಂತ ನೀರು ಹಲಗೆಯನ್ನು ನೂಕುವುದು ಒಂದೇ ಸಮ. ಲೆಕ್ಕಕ್ಕೆ ಬರುವುದು ಆಳ ಮಾತ್ರ. ನಾವು ನಿಲ್ಲಿಸಲು ಹೊರಟದ್ದು 1.4 ಮೀಟರ್. ತಳದಲ್ಲಿ ಒಂದು ಚದರ ಮೀಟರಿಗೆ 1,400 ಕಿಲೋ ಒತ್ತಡ. ಅಲ್ಲಿಂದ ಮೇಲೆ ಬಂದಂತೆ ಕಡಿಮೆಯಾಗುತ್ತಾ ಮೇಲ್ಮೈಯಲ್ಲಿ ಸೊನ್ನೆ. ಒಂದು ಮೀಟರ್ ಅಗಲಕ್ಕೆ ಒಟ್ಟು ಒಂದು ಟನ್ನಿನಷ್ಟು, ಒಂದು ಕಿಂಡಿಗೆ ಒಂದೂವರೆ ಟನ್. ಎತ್ತರವನ್ನು ಅರ್ಧ ಮಾಡಿದರೆ ಈ ನೂಕು ಅರ್ಧ ಆಗುವುದಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನು ಅರ್ಧ ಅಡಿ ಏರಿಸೋಣ ಅಂತ ಆಮೇಲೆ ಆಸೆ ಪಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

12 ಸೆಂಟಿಮೀಟರ್ ಅಗಲದ ತಳದ ಸಲಾಕೆಗೆ ಹೀಗೆ ಸುಮಾರು 250 ಕಿಲೋ ಬೀಳುತ್ತದೆ. ಎಲ್ಲಕ್ಕಿಂತ ಮೇಲಿನದಕ್ಕೆ ಹತ್ತು ಹನ್ನೊಂದು ಕಿಲೋ. ಕಾಗದದ ಮೇಲಿನ ಈ ಲೆಕ್ಕ ಯಾರಿಗೂ ನಂಬಿಕೆ ಹುಟ್ಟಿಸಲಿಲ್ಲ. ಆದ್ದರಿಂದ ಅಂಗಳದಲ್ಲಿ ಎರಡು ಮುರಕಲ್ಲನ್ನು ಒಂದೂವರೆ ಮೀಟರ್ ಅಂತರಕ್ಕೆ ಇಟ್ಟು, ಮೇಲೆ ಒಂದು ಸಲಾಕೆ ಹಾಕಿ ನಾಲ್ಕು ಜನ ಸಾಲಾಗಿ ನಿಂತರು. ನಾಲ್ಕು ಜನ ಅಂದರೆ ಅದೇ ಸುಮಾರು 250 ಕಿಲೋ. ಮುರಿಯಲಿಲ್ಲ. ಆದರೆ ನಾಲ್ಕು ಬೆರಳು ಅಗಲದಷ್ಟು ಚೆನ್ನಾಗಿ ಬಾಗಿತು.

ಬಾಗಿದರೆ ಏನಾಯಿತು, ಮುರಿಯಲಿಲ್ಲವಲ್ಲ ಅನ್ನಬಹುದು. ಆದರೆ ತಳದ ಸಲಾಕೆ ಬಾಗಿ ಮೇಲಿನದು ನೆಟ್ಟಗೆ ನಿಂತರೆ ನಡುವೆ ಬಾಯಿ ಬಿಡುತ್ತದೆ. ಅಲ್ಲಿ ಹಾಳೆ ಜೋತು, ನೀರಿನ ನೂಕು ಪೂರ್ತಿ ಅದರ ಮೇಲೆ ಬಿದ್ದು ಹರಿಯುತ್ತದೆ. ಇದಕ್ಕೆ ಮದ್ದು ಸೆಂಟ್ರಿಂಗಿನವರಿಗೆಲ್ಲ ಗೊತ್ತಿದ್ದದ್ದೇ. ನಡುವೆ ಒಂದು ಆಧಾರ ಕೊಡುವುದು. ಒಂದೇ ಸಮ ಭಾರ ಬೀಳುವ ಹಲಗೆಯ ಅಂತರವನ್ನು ಅರ್ಧ ಮಾಡಿದರೆ ಅದರ ಬಾಗು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಲಾಕೆ ದಪ್ಪ ಮಾಡುವುದಕ್ಕಿಂತ ಇದು ಎಷ್ಟೋ ಸುಲಭ.

ಆಧಾರ ಕೊಡುವುದು ಎಲ್ಲಿಂದ? ಕೆಳಬದಿಯಿಂದ ಓರೆಯಾಗಿ ಊರುಗೋಲು ಕೊಡೋಣ ಎಂಬ ಸಲಹೆ ಬಂತು. ಕೋಡಿ ಹರಿದಾಗ ಬೀಳುವ ನೀರು ಅದನ್ನೇ ಮೊದಲು ತೆಗೆದುಕೊಂಡು ಹೋಗುತ್ತದೆ. ಅದರ ಬದಲು ಎರಡನೇ ಸಾಲಿನ ಕಚ್ಚು ಖಾಲಿ ಇತ್ತಲ್ಲ, ಅದರಲ್ಲಿ ಸೀಳದ ಇಡೀ ಮರದ ಎರಡು ತುಂಡು ಅಡ್ಡಕ್ಕೆ ಕೂರಿಸಿದೆವು. ಒಂದು ತಳದಿಂದ ಮೂರನೇ ಒಂದು ಎತ್ತರದಲ್ಲಿ, ಯಾಕೆಂದರೆ ಒಟ್ಟು ನೂಕು ಸೇರುವ ಜಾಗ ಅದೇ. ಇನ್ನೊಂದು ಮೇಲೆ. ಈ ಎರಡಕ್ಕೆ ಒರಗಿಸಿ ನೆಟ್ಟಗೆ ಒಂದು ಮರ, ಅದಕ್ಕೆ ಒರಗಿ ಸಲಾಕೆಗಳು. ಮೊಳೆ ಒಂದೂ ಇಲ್ಲ. ಎಲ್ಲವನ್ನೂ ಮೇಲಿಂದ ಇಳಿಸಿದ್ದು, ಮೇಲಕ್ಕೆ ಎಳೆದರೆ ಬರುವಂಥದ್ದು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ತಾತ್ಕಾಲಿಕ ವ್ಯವಸ್ಥೆ ಅಂದ ಕೂಡಲೇ ನಾವು ನಿಲ್ಲುತ್ತದೋ ಇಲ್ಲವೋ ಅಂತ ಮಾತ್ರ ನೋಡುತ್ತೇವೆ. ಈ ಅಣೆಕಟ್ಟು ಹಾಳಾದದ್ದು ನಿಲ್ಲದೆ ಅಲ್ಲ, ತೆಗೆಯಲು ಬಾರದೆ. ಆದ್ದರಿಂದ ಪ್ರತಿ ತುಂಡಿಗೂ ಕೇಳಿದ ಪ್ರಶ್ನೆ ಎರಡು. ನೀರು ತುಂಬಿದಾಗ ಇದು ಹೇಗೆ ನಿಲ್ಲುತ್ತದೆ? ಮಳೆ ಬರುವ ಹಿಂದಿನ ದಿನ ಇಬ್ಬರೇ ಸೇರಿ ಇದನ್ನು ಹೇಗೆ ತೆಗೆಯಬಹುದು?

ಕೆಳಗಿನ ಮನೆ

ಕೆಲಸ ಶುರು ಮಾಡುವ ಮೊದಲು ತೋಡಿನ ಕೆಳಗಿನ ತೋಟದ ಕಾಕನ ಹತ್ತಿರ ಹೋದೆವು. ಕಟ್ಟ ಹಾಕಿದ ಮೇಲೆ ನೀರು ತುಂಬಿ ಕೋಡಿ ಹರಿಯುವವರೆಗೆ ಕೆಳಗೆ ತೋಡು ಒಣಗುತ್ತದೆ. ಹೇಳದೆ ಕಟ್ಟಿದರೆ ಜಗಳ ಗ್ಯಾರಂಟಿ, ಅದು ನ್ಯಾಯವೂ ಹೌದು.

“ಕಟ್ಟಿ ಮಾರಾಯ್ರೇ, ಬೇಡ ಅನ್ನುವವನಲ್ಲ ನಾನು. ನೀರು ನಿಂತರೆ ನನ್ನ ಬಾವಿಗೂ ಒರತೆ ಬರುತ್ತದೆ. ಆದರೆ ದನಗಳಿಗೆ ಕುಡಿಯಲು ದಿನಾ ಬೇಕಲ್ಲ?” ಅಂದರು ಕಾಕ.

ತಳದಲ್ಲಿ ಒಂದು ಪೈಪು ಬಿಡುವುದು ಅಂತ ಆಯಿತು. ಯಾರದೋ ಮನೆಯಲ್ಲಿ ನಾಲ್ಕಿಂಚಿನ ಪಿವಿಸಿ ತುಂಡು ಬಿದ್ದಿತ್ತು, ಅದನ್ನೇ ಹಾಕೋಣ ಅಂದರು. ಇದು ನೋಡಲು ಸಣ್ಣ ವಿಷಯ, ಆದರೆ ಅಲ್ಲ. 1.4 ಮೀಟರ್ ನೀರಿನ ಅಡಿಯಲ್ಲಿ ನಾಲ್ಕಿಂಚಿನ ಪೈಪು ಪೂರ್ತಿ ತೆರೆದರೆ ಸೆಕೆಂಡಿಗೆ 20 ಲೀಟರಿಗೂ ಮೇಲೆ ಹೋಗುತ್ತದೆ. ನಿಂತ ನೀರೆಲ್ಲ ಎರಡು ದಿನದೊಳಗೆ ಖಾಲಿ. ಒಂದಿಂಚಿನ ಪೈಪು ಸಾಕು, ಅದೇ ಗಂಟೆಗೆ ನಾಲ್ಕೈದು ಸಾವಿರ ಲೀಟರ್ ಕೊಡುತ್ತದೆ. ಅದಕ್ಕೊಂದು ವಾಲ್ವ್ ಹಾಕಿ, ತಿರುಗಿಸುವ ಕೆಲಸ ಕಾಕನಿಗೇ ಬಿಟ್ಟೆವು. ಅವರು ಹೆಚ್ಚಿನ ದಿನ ಅರ್ಧವೇ ತೆರೆಯುತ್ತಿದ್ದರು.

ಕಟ್ಟುವುದು, ಸೋರುವುದು

ಒಂದು ಕಿಂಡಿಯಲ್ಲಿ ನೀರು ಹೋಗಲು ಬಿಟ್ಟು ಉಳಿದ ಮೂರನ್ನು ಮೊದಲು ಮುಚ್ಚಿದೆವು. ಕೊನೆಯ ಕಿಂಡಿಯೇ ಕಷ್ಟ. ತೋಡಿನ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಮರ ನೀರಿನಲ್ಲಿ ತೇಲುತ್ತದೆ ಅನ್ನುವುದು ಗೊತ್ತಿದ್ದರೂ ಆಗ ನೆನಪಾಗುವುದಿಲ್ಲ ನೋಡಿ. ತಳಕ್ಕೆ ಇಳಿಸಿದ ಸಲಾಕೆ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ಇಬ್ಬರು ಉದ್ದ ಕೋಲಿನಿಂದ ಎರಡು ತುದಿ ಒತ್ತಿ ಹಿಡಿದು, ಮೂರನೆಯವ ಕಚ್ಚಿಗೆ ಬೆಣೆ ಹೊಡೆದ ಮೇಲೆ ನಿಂತಿತು. ಮೇಲೆ ಮೇಲೆ ಸಲಾಕೆ ಬಂದಂತೆ, ನೀರು ಒತ್ತಿದಂತೆ, ತಾನಾಗಿ ಕಚ್ಚಿಕೊಂಡಿತು.

ಹಾಳೆ ಹಾಕುವುದು ನೀರಿರುವ ಬದಿಗೆ. ಆಗ ನೀರೇ ಅದನ್ನು ಸಲಾಕೆಗೆ ಒತ್ತಿ ಹಿಡಿಯುತ್ತದೆ. ಬಿಗಿಯಾಗಿ ಎಳೆದು ಕಟ್ಟಬಾರದು, ಸಡಿಲ ಇರಬೇಕು. ಹಾಳೆಯ ಕೆಳಗಿನ ಭಾಗವನ್ನು ತೋಡಿನ ನೆಲದ ಮೇಲೆ ಎರಡು ಮೀಟರ್ ಹಿಂದಕ್ಕೆ ಹಾಸಿ, ಅಂಚಿಗೆ ಜೇಡಿಮಣ್ಣಿನ ಚೀಲ ಹೇರಬೇಕು. ಅಡಿಯಿಂದ ನುಸುಳುವ ನೀರಿಗೆ ದಾರಿ ಉದ್ದವಾದಷ್ಟೂ ಅದರ ಜೋರು ಕಡಿಮೆ. ಇನ್ನೊಂದು ತೊಂದರೆ ಅಡಕೆ ಸಲಾಕೆಯ ಸಿಬಿರು. ಸೂಜಿಯ ಹಾಗೆ ಚುಚ್ಚುತ್ತದೆ. ಹಾಳೆಗೂ ಸಲಾಕೆಗೂ ನಡುವೆ ಹಳೆ ಫ್ಲೆಕ್ಸ್ ಹಾಕಿದೆವು. ಕ್ಲಬ್ಬಿನ ವಾರ್ಷಿಕೋತ್ಸವದ್ದು, ಬಯಲಾಟದ್ದು. ಆ ವರ್ಷ ಊರಿನ ಗಣ್ಯರೆಲ್ಲ ಐದು ತಿಂಗಳು ನೀರಿಗೆ ಬೆನ್ನು ಕೊಟ್ಟು ನಿಂತಿದ್ದರು.

ನೀರು ಏರಿತು. ಮುಕ್ಕಾಲು ಮೀಟರ್ ಆಗುವಾಗ ಕೆಳಬದಿಯಲ್ಲಿ ನಿಂತಿದ್ದ ಕೆಲಸದವರು ಕೂಗಿದರು: “ಅಣ್ಣೇರೇ, ನೀರ್ ಅಡಿಟ್ ಪೋವೊಂದುಂಡು!”

ಅಡಿಯಿಂದಲೇ ಹೋಗುತ್ತಿತ್ತು. ಮೂರನೇ ಕಿಂಡಿಯ ಕೆಳಗಿನ ಕಾಂಕ್ರೀಟ್ ಹಾಸು ಬಿರುಕು ಬಿಟ್ಟು, ಅದರಡಿ ಪೊಳ್ಳಾಗಿತ್ತು. ಹೊರಗೆ ಬರುವ ನೀರು ತಿಳಿಯಾಗಿದ್ದರೆ ಅಷ್ಟು ಹೆದರಬೇಕಿಲ್ಲ. ಕದಡಿದ್ದರೆ ಮಣ್ಣು ಕೊಚ್ಚಿಕೊಂಡು ಹೋಗುತ್ತಿದೆ ಎಂದರ್ಥ, ಗಂಟೆ ಗಂಟೆಗೂ ತೂತು ದೊಡ್ಡದಾಗುತ್ತದೆ. ಇದು ಕದಡಿತ್ತು. ವಾಲ್ವ್ ಪೂರ್ತಿ ತೆರೆದು, ಕೊನೆಯ ಕಿಂಡಿಯ ಮೇಲಿನ ಸಲಾಕೆಗಳನ್ನು ಎತ್ತಿ ನೀರು ಇಳಿಸಿದೆವು. ಹಾಗೆ ಎತ್ತಲು ಬಂದದ್ದೇ ದೊಡ್ಡದು.

ಆದರೆ ಒಳಬದಿಯಲ್ಲಿ ನೀರು ಎಲ್ಲಿ ಇಳಿಯುತ್ತಿದೆ ಎಂದು ಗೊತ್ತಾಗಬೇಡವೇ? ಮೇಲೆ ಹಾಳೆ ಸರಿಯಾಗಿಯೇ ಕಾಣುತ್ತಿತ್ತು. ದೊಡ್ಡ ಮನೆಯ ಮಾವ ದಡದಲ್ಲಿ ಕೂತೇ ಹೇಳಿದರು: “ಮೇಲೆ ನೋಡಿರೆ ಸಾಲ, ಅಡಿ ನೋಡೆಕ್ಕು. ಮರದ ಹುಡಿ ತನ್ನಿ.” ಮೇಲೆ ನೋಡಿದರೆ ಸಾಲದು, ಅಡಿ ನೋಡಬೇಕು ಅಂತ. ಮಿಲ್ಲಿನಿಂದ ಒಂದು ಗೋಣಿ ಮರದ ಹುಡಿ ಬಂತು. ಅದನ್ನು ನೆನೆಸಿ, ಹಾಳೆಯ ಅಂಚಿನ ಉದ್ದಕ್ಕೂ ನೀರಿನಡಿಯಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟರು. ಒಂದು ಕಡೆ ಹುಡಿ ನಿಲ್ಲದೆ ಸುರ್ರೆಂದು ಒಳಗೆ ಎಳೆದುಕೊಂಡು ಹೋಯಿತು. ತೂತು ಅಲ್ಲೇ. ಹೋದ ಹುಡಿ ಬಿರುಕಿನಲ್ಲಿ ಸಿಕ್ಕಿ ಉಬ್ಬಿ ಸೋರಿಕೆಯನ್ನೂ ಕಡಿಮೆ ಮಾಡಿತು. ಆ ಜಾಗಕ್ಕೆ ಜೇಡಿಮಣ್ಣು ತುಳಿದು, ಮೇಲೆ ಇನ್ನೊಂದು ತುಂಡು ಹಾಳೆ ಹಾಸಿ, ಚೀಲ ಹೇರಿದ ಮೇಲೆ ಹೊರಗೆ ತಿಳಿನೀರು ಬರತೊಡಗಿತು. ಪೂರ್ತಿ ನಿಲ್ಲಲಿಲ್ಲ. ನಿಲ್ಲಿಸುವ ಹಟವೂ ಬೇಡ.

ದಡದಲ್ಲಿ ಏಡಿ ಮಾಟೆಗಳು, ಅಂದರೆ ಏಡಿ ಕೊರೆದ ಬಿಲಗಳು ಬೇರೆ. ಅದಕ್ಕೆ ಉಪಾಯವೇನೂ ಇಲ್ಲ. ವಾರಕ್ಕೊಮ್ಮೆ ನಡೆದು ನೋಡಿ, ಮಣ್ಣು ಗಿಡಿದು ಮುಚ್ಚುತ್ತಾ ಇರುವುದು.

ನಿಂತ ನೀರಿನ ಲೆಕ್ಕ

ಈ ತೋಡಿನ ಇಳಿಜಾರು 300 ಮೀಟರಿಗೆ ಒಂದು ಮೀಟರಿನಷ್ಟು. 1.4 ಮೀಟರ್ ಕಟ್ಟಿದರೆ ಹಿಂದಕ್ಕೆ 420 ಮೀಟರ್ ನೀರು. ಎಂಟು ಮೀಟರ್ ಅಗಲ ಹಿಡಿದರೆ 23 ಲಕ್ಷ ಲೀಟರ್ ಚಿಲ್ಲರೆ. ಹನಿ ನೀರಾವರಿಯಲ್ಲಿ ಅಡಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 550 ಮರ, ಅಂದರೆ ದಿನಕ್ಕೆ 11,000 ಲೀಟರ್. ಹಾಗಾದರೆ ನಿಂತ ನೀರೊಂದೇ ಎರಡು ಎಕರೆಯನ್ನು ನೂರು ದಿನ ಸಾಕಬಹುದು. ಇಂಗುವುದು, ಆವಿಯಾಗುವುದು ಕಳೆದರೆ ಕಡಿಮೆ, ಮೇಲಿಂದ ಬರುವ ಒರತೆ ಕೂಡಿಸಿದರೆ ಜಾಸ್ತಿ. ಆರು ಮನೆಯ ತೋಟಕ್ಕೆ ಬರೀ ಇದು ಸಾಲದು ಅನ್ನುವುದು ಮೊದಲೇ ಗೊತ್ತಿತ್ತು. ನಿಜವಾದ ಲಾಭ ಇರುವುದು ಇಂಗುವುದರಲ್ಲಿ. ದಡದ ಬಾವಿಗಳಲ್ಲಿ ನೀರು ಇಳಿಯುವುದು ನಿಧಾನವಾಯಿತು, ಪಂಪು ಗಾಳಿ ಎಳೆಯುವ ದಿನ ಮುಂದೆ ಹೋಯಿತು.

ಏಪ್ರಿಲಿನ ಮಳೆ

ಬೇಸಿಗೆಯಲ್ಲಿ ಒಂದು ಗುಡುಗಿನ ಮಳೆ ಬಂದೇ ಬರುತ್ತದೆ, ಅದೂ ರಾತ್ರಿ. ಯಾರು ಓಡುವುದು ಆಗ? ಎರಡನೇ ಕಿಂಡಿಯಲ್ಲಿ ಮೇಲಿನ 30 ಸೆಂಟಿಮೀಟರಿಗೆ ಸಲಾಕೆಯನ್ನೂ ಹಾಳೆಯನ್ನೂ ಹಾಕಿರಲಿಲ್ಲ. ಬರೀ ಮಣ್ಣಿನ ಚೀಲ ಪೇರಿಸಿದ್ದೆವು. ಅದರ ಮಟ್ಟ ಉಳಿದ ಕಿಂಡಿಗಳಿಗಿಂತ ನಾಲ್ಕು ಬೆರಳು ಕೆಳಗೆ. ನೀರು ಉಕ್ಕಿದರೆ ಮೊದಲು ಅಲ್ಲೇ ಹರಿಯಬೇಕು, ಜೋರಾದರೆ ಚೀಲ ತಾನಾಗಿ ಕೊಚ್ಚಿ ಹೋಗಬೇಕು, ಉಳಿದದ್ದು ಉಳಿಯಬೇಕು. ಎಲ್ಲ ಕಡೆಯೂ ಒಂದೇ ಗಟ್ಟಿ ಮಾಡಿದ್ದರೆ ಎಲ್ಲಿ ಒಡೆಯುತ್ತದೆ ಅನ್ನುವುದನ್ನು ನೀರು ನಿರ್ಧರಿಸುತ್ತದೆ, ಅದು ಸಾಮಾನ್ಯವಾಗಿ ದಡವನ್ನೇ ಆರಿಸುತ್ತದೆ.

ಮಳೆ ಬಂತು, ಚೀಲ ಹೋಯಿತು. ಬೆಳಗ್ಗೆ ಹೋಗಿ ನೋಡಿದರೆ ನೀರು ಒಂದಡಿ ಇಳಿದಿತ್ತು, ಸಲಾಕೆ ಒಂದೂ ಅಲ್ಲಾಡಿರಲಿಲ್ಲ, ದಡ ಹಾಗೇ ಇತ್ತು. ಕೆಲವು ಚೀಲ ಕಾಕನ ತೋಟದ ಬದಿಯಲ್ಲಿ ಸಿಕ್ಕಿದವು. ಮತ್ತೆ ತುಂಬಿಸಿ ಇಟ್ಟದ್ದಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ.

ತೆಗೆದದ್ದು

ಕೇರಳಕ್ಕೆ ಮುಂಗಾರು ಕಾಲಿಡುವ ದಿನ ಸಾಮಾನ್ಯವಾಗಿ ಜೂನ್ 1. ಅದಕ್ಕೆ ಕಾಯದೆ ಮೇ ಮಧ್ಯದಲ್ಲೇ ಬಿಚ್ಚಿದೆವು. ಮೊದಲು ವಾಲ್ವ್, ಮತ್ತೆ ಒಂದೊಂದೇ ಕಿಂಡಿಯ ಮೇಲಿನ ಸಲಾಕೆ. ತಳದ ಸಲಾಕೆಗಳ ಎರಡು ತುದಿಗೂ ಇಳಿಸುವಾಗಲೇ ಹಗ್ಗ ಕಟ್ಟಿ ಮೇಲೆ ಸಿಕ್ಕಿಸಿದ್ದರಿಂದ ಎಳೆದು ತೆಗೆಯಲು ಇಬ್ಬರು ಸಾಕಾದರು. ಸಡಿಲವಾಗಿ ಕೆತ್ತಿದ ತುದಿ ಉಬ್ಬಿದ್ದರೂ ಸಿಕ್ಕಲಿಲ್ಲ. ಪ್ರತಿ ತುಂಡಿಗೂ ಕಿಂಡಿಯ ನಂಬ್ರ ಬರೆದು ಅಟ್ಟಕ್ಕೆ ಹಾಕಿದೆವು.

ಯಾವಾಗಲೂ ನೀರಿನಡಿ ಇದ್ದ ತಳದ ಸಲಾಕೆಗಳು ಗಟ್ಟಿಯಾಗಿಯೇ ಇವೆ. ನೀರು ಏರಿ ಇಳಿಯುವ ಮಟ್ಟದಲ್ಲಿ, ಒಮ್ಮೆ ಒದ್ದೆ ಒಮ್ಮೆ ಒಣ ಆಗುತ್ತಿದ್ದ ಸಲಾಕೆಗಳು ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗಾಗಿವೆ. ಅವನ್ನು ಒಲೆಗೆ ಹಾಕಿ ಮುಂದಿನ ಡಿಸೆಂಬರಿಗೆ ಹೊಸತು ಸೀಳಬೇಕು. ಹಾಳೆಯಲ್ಲಿ ಮಡಿಕೆ ಬಿದ್ದ ಕಡೆ ಸಣ್ಣ ತೂತುಗಳಿವೆ, ತೇಪೆ ಹಾಕಿದರೆ ಇನ್ನೊಂದು ವರ್ಷ ಬರುತ್ತದೆ. ಫ್ಲೆಕ್ಸ್ ಪೂರ್ತಿ ಹೋಯಿತು, ಅದಕ್ಕೇನೂ ಬರ ಇಲ್ಲ.

ಮೂರನೇ ಕಿಂಡಿಯ ತಳಕ್ಕೆ ಮಾತ್ರ ತೇಪೆಯಿಂದ ಆಗುವುದಿಲ್ಲ. ನೀರು ಇಳಿದ ಮೇಲೆ ಹಾರೆ ಹಾಕಿ ನೋಡಿದಾಗ ಹಾಸಿನಡಿಯ ಪೊಳ್ಳು ಕೈ ಹೋಗುವಷ್ಟು ಆಳ ಇತ್ತು. ಮಳೆಗಾಲ ಮುಗಿದು ತೋಡು ಸಣ್ಣದಾದಾಗ, ಸಲಾಕೆ ಇಳಿಸುವ ಮೊದಲು, ಅಲ್ಲಿ ಒಡೆದು ಕಲ್ಲು ತುಂಬಿ ಕಾಂಕ್ರೀಟು ಹಾಕಬೇಕು. ಕಚೇರಿಗೆ ಕೊಡುವ ಹೊಸ ಅರ್ಜಿಯಲ್ಲಿ ಈ ಸಲ ಹಲಗೆಗಿಂತ ಮೊದಲು ಇದನ್ನು ಬರೆದಿದ್ದೇವೆ.